ಹೆಳವ ಇಳಿದ ದಿನ್ನೆ

ಹಳ್ಳ ದಾಟಿ ಎರೆಹೊಲಗಳ ನಡುವಿನ ದಾರಿ ಹಿಡಿದು ಗೊಗ್ಗಿಹಾಳಕ್ಕೆ ಬರುವವರಿಗೆ, ಊರಿನ ಮೊದಲ ಮನೆ ಕಾಣುವ ಮುಂಚೆಯೇ ಎಡಗಡೆ ಒಂದು ದಿನ್ನೆ ಸಿಗುತ್ತದೆ. ಗುಡ್ಡವೆಂದು ಕರೆಯುವಷ್ಟು ಎತ್ತರ ಅದಕ್ಕಿಲ್ಲ. ಸುತ್ತ ಕಣ್ಣು ಹಾಯುವವರೆಗೆ ಕಪ್ಪು ನೆಲ, ದಿನ್ನೆಯೊಂದೇ ಬಿಳಿ ಗರಸು. ಮೇಲೆ ಒಂದು ಬನ್ನಿಗಿಡವಿದೆ, ಗಿಡದ ಕೆಳಗೆ ಸೊಂಟದೆತ್ತರದ ಕಲ್ಲಿನ ಎತ್ತು. ಬೇರೆ ಕಡೆ ಇಂಥ ಕಲ್ಲು ಊರನ್ನು ನೋಡುತ್ತಿರುತ್ತದೆ, ಇಲ್ಲವೆ ಗುಡಿಯನ್ನು ನೋಡುತ್ತಿರುತ್ತದೆ. ಈ ಎತ್ತು ಊರಿಗೆ ಬೆನ್ನು ಮಾಡಿ ನಿಂತಿದೆ. ಅದರ ಬೆನ್ನ ಮೇಲೆ ಒಂದು ತಗ್ಗು ಬಿದ್ದಿದೆ. ಅದನ್ನು ಯಾರೂ ಕೆತ್ತಿಲ್ಲ, ವರ್ಷವರ್ಷವೂ ಜೋಳ ಸುರಿದು ಸುರಿದು, ಸುರಿದ ಕೈಗಳು ಸವರಿ ಸವರಿ ಸವೆದದ್ದು ಎನ್ನುತ್ತಾರೆ. ಹೊಸಬರು ಎತ್ತನ್ನು ನೋಡಿ, ನಿಲ್ಲಿಸಿದವನು ದಿಕ್ಕು ತಪ್ಪಿದ್ದಾನೆ ಎಂದು ನಗುತ್ತಾರೆ. ಊರವರು ಜೊತೆಗೆ ನಗುವುದಿಲ್ಲ.

ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ ಈ ಸೀಮೆಗೆ ಹೆಳವರು ಬರುತ್ತಾರೆ. ಒಂದೊಂದು ಮನೆತನದ ಮೂಲಪುರುಷನಿಂದ ಹಿಡಿದು ನಿನ್ನೆ ತೊಟ್ಟಿಲಿಗೆ ಹಾಕಿದ ಕೂಸಿನವರೆಗೆ ಹೆಸರು ಹಿಡಿದು ಹೇಳುವ ಜನ ಇವರು. ಈಗ ಅವರ ಹತ್ತಿರ ಬರೆದಿಟ್ಟದ್ದೂ ಉಂಟು, ಹಿಂದೆ ಎಲ್ಲವೂ ಬಾಯಲ್ಲೇ ಇತ್ತು. ಆ ದಿನಗಳಲ್ಲಿ ದಿನ್ನೆಯ ಕೆಳಗೆ ಹೊರಗಿನವರ ಗಾಡಿಗಳು ಬಂದು ನಿಲ್ಲುತ್ತವೆ. ಕೋರ್ಟಿನ ಕೆಲಸಕ್ಕೆ ವಂಶಾವಳಿ ಬೇಕಾದವರು, ಮುತ್ತಜ್ಜ ಯಾವ ಊರು ಬಿಟ್ಟು ಬಂದನೆಂದು ತಿಳಿಯಬೇಕಾದವರು, ತಾಯಿ ಸತ್ತ ಮೇಲೆ ತಾಯಿಯ ತವರು ಯಾವುದೆಂದು ಕೇಳುವ ನೆನಪಾದವರು, ಎಲ್ಲ ಬಂದು ಕಾಯುತ್ತಾರೆ. ಹೆಳವರನ್ನು ಹಿಡಿಯಬೇಕಾದರೆ ಇಲ್ಲಿಯೇ ಹಿಡಿಯಬೇಕು. ಯಾಕೆಂದರೆ ಎತ್ತಿನ ಮೇಲೆ ಕೂತು ಊರೂರಿಗೆ ಬರುವ ಹೆಳವರು, ಈ ಸೀಮೆಯಲ್ಲಿ ಇದೊಂದು ಜಾಗದಲ್ಲಿ ಕೆಳಗಿಳಿಯುತ್ತಾರೆ. ಇಳಿದು, ಚಪ್ಪಲಿ ಬಿಟ್ಟು, ಎತ್ತಿನ ಹಗ್ಗ ಹಿಡಿದು ನಡೆದೇ ಗೊಗ್ಗಿಹಾಳಕ್ಕೆ ಹೋಗುತ್ತಾರೆ. ದಿನ್ನೆಗೆ ಹೆಸರು ಬಂದದ್ದೂ ಒಬ್ಬ ಹೆಳವ ಇಳಿದದ್ದರಿಂದಲೇ. ಆದರೆ ಅವನು ಇಳಿದದ್ದು ಮರ್ಯಾದೆಗಲ್ಲ.

ಹಿಂದೆ ಒಮ್ಮೆ ಗೊಗ್ಗಿಹಾಳದ ದೊಡ್ಡ ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರು ಇದ್ದರಂತೆ. ಹಿರಿಯವನು ಸೋಮನಗೌಡ, ಕಿರಿಯವನು ದ್ಯಾಮನಗೌಡ. ಸೋಮನಗೌಡನ ಹೆಂಡತಿ ಬಾಳವ್ವ, ಹೊಳೆಯಾಚೆಯ ಕುಣಿಬೇವಿನವಳು. ಈ ಸಂಬಂಧ ಕೂಡಿಸಿದವನು ಹೆಳವನೇ. ಎರಡೂ ಮನೆಯ ವಂಶದ ಬಳ್ಳಿ ಅವನ ಬಾಯಲ್ಲಿತ್ತು. ಯಾರ ಮೂಲ ಎಲ್ಲಿ ಕೂಡುತ್ತದೆ, ಎಲ್ಲಿ ಕೂಡಬಾರದು ಎಂದು ಬಲ್ಲವನು ಅವನು, ಹಾಗಾಗಿ ಅವನು ಹೂಂ ಅಂದರೆ ಲಗ್ನ, ಊಹೂಂ ಅಂದರೆ ಇಲ್ಲ. ಲಗ್ನವಾದ ಮೇಲೆ ವರ್ಷಕ್ಕೊಮ್ಮೆ ತವರಿನ ಸುದ್ದಿ ತರುವವನೂ ಅವನೇ ಆದ. ಬಾಳವ್ವನನ್ನು ಅವನು ತಂಗಿ ಎಂದು ಕರೆಯುತ್ತಿದ್ದ, ಅವಳು ಅವನನ್ನು ಹೆಳವಣ್ಣ ಎನ್ನುತ್ತಿದ್ದಳು. ಒಡಹುಟ್ಟಿದ ಅಣ್ಣಂದಿರು ಬಾಳವ್ವನಿಗೆ ಇರಲಿಲ್ಲ. ಹಾಗಾಗಿ ಬೆಳಗಿನ ಜಾವ ಎತ್ತಿನ ಗಂಟೆ ಕೇಳಿತೆಂದರೆ ಅವಳಿಗೆ ತವರೇ ಬಾಗಿಲಿಗೆ ಬಂದಂತೆ. ಹೆಳವನಿಗೆ ನೀರು ಕೊಡುವ ಮೊದಲೇ ಅವನ ಎತ್ತಿಗೆ ಬೆಲ್ಲ ಸವರಿದ ರೊಟ್ಟಿ ತಿನ್ನಿಸುತ್ತಿದ್ದಳು. ಬೂದಿಬಣ್ಣದ ಆ ಎತ್ತಿಗೆ ಬೂದ ಎಂದೇ ಹೆಸರು. ಬೂದ ಅವಳ ದನಿ ಕೇಳಿದರೆ ಓಣಿಯ ತುದಿಯಿಂದಲೇ ಕಾಲು ಬೀಸಿ ಹಾಕುತ್ತಿತ್ತು.

ಹೆಳವರ ಕಟ್ಟಳೆಯ ಎರಡು ಮಾತು ಇಲ್ಲಿ ತಿಳಿದಿರಬೇಕು. ವಂಶ ಹೇಳಲು ಬಂದ ಹೆಳವ ಎತ್ತಿನ ಮೇಲಿಂದ ಇಳಿಯುವಂತಿಲ್ಲ. ಹೇಳಿ ಮುಗಿಸಿ, ಮನೆಯವರು ಹಸಿಬೆ ಚೀಲಕ್ಕೆ ಜೋಳ ಸುರಿದ ಮೇಲೆಯೇ ಅವನ ಕಾಲು ನೆಲಕ್ಕೆ ತಾಗಬೇಕು. ನಡುವೆ ಇಳಿದವನು ಅವತ್ತಿನಿಂದ ಹೆಳವನಲ್ಲ, ಅವನ ಬಾಯಿಂದ ಮತ್ತೆ ಯಾರೂ ವಂಶ ಕೇಳುವುದಿಲ್ಲ. ಎರಡನೆಯದು, ಎತ್ತು ತಾನಾಗಿ ಹೋಗಿ ನಿಂತ ಬಾಗಿಲನ್ನು ಹೆಳವ ದಾಟಿ ಹೋಗುವಂತಿಲ್ಲ. ಅಪ್ಪ ಸತ್ತು ಮಗ ಹೊಸದಾಗಿ ಬಂದಾಗ ಯಾವ ಮನೆ ತಮ್ಮದೆಂದು ಮಗನಿಗೆ ಮರೆಯಬಹುದು, ಎತ್ತಿಗೆ ಮರೆಯುವುದಿಲ್ಲ. ತಿಂದ ಬಾಗಿಲು ಅದಕ್ಕೆ ಗೊತ್ತು. ಎತ್ತು ನಿಂತಿತೋ, ಅಲ್ಲಿ ಹೇಳಬೇಕಾದ ಹೆಸರು ಇದೆ ಎಂದೇ ಅರ್ಥ, ಹೆಳವ ಬಾಯಿ ತೆರೆಯಲೇಬೇಕು.

ಬಾಳವ್ವ ಚೊಚ್ಚಲ ಹೆರಿಗೆಗೆ ಕುಣಿಬೇವಿಗೆ ಹೋದಾಗ ಇತ್ತ ಸೋಮನಗೌಡ ಹಾವು ಕಚ್ಚಿ ಸತ್ತ. ಗಂಡ ಸತ್ತ ಸುದ್ದಿಯ ಹಿಂದೆಯೇ ಗಂಡುಕೂಸು ಹುಟ್ಟಿತು. ಆ ವರ್ಷ ಹೆಳವ ಮೊದಲು ಕುಣಿಬೇವಿಗೆ ಬಂದ. ಬಾಳವ್ವ ಬಾಣಂತಿಕೋಣೆಯಿಂದ ಹೊರಗೆ ಬಂದು ಕೂಸನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದಳು. ಹೆಳವ ಎತ್ತಿನ ಮೇಲಿಂದಲೇ ಬಗ್ಗಿ, ಅದರ ಅಂಗಾಲು ಮುಟ್ಟಿ, ಗೊಗ್ಗಿಹಾಳದ ದೊಡ್ಡ ಮನೆಯ ಬಳ್ಳಿಯನ್ನು ಮೊದಲಿಂದ ಹೇಳಿ, ಕೊನೆಗೆ ಸೋಮನಗೌಡನ ಹೊಟ್ಟೆಯಲ್ಲಿ ಕೆಂಚನಗೌಡ ಎಂದು ಕೂಡಿಸಿದ. ಕೂಡಿಸುವಾಗ ಅವನ ಕಣ್ಣಲ್ಲಿ ನೀರು ಬಂದಿತ್ತು ಎನ್ನುತ್ತಾರೆ. ಬಂದಿರಲೂಬಹುದು.

ಕೂಸಿಗೆ ಹಲ್ಲು ಬರುವ ಹೊತ್ತಿಗೆ ಹೊಳೆಯಾಚೆ ಮಾರಿಬೇನೆ ಬಿತ್ತು. ಕುಣಿಬೇವು ಅರ್ಧಕ್ಕಿಂತ ಹೆಚ್ಚು ಖಾಲಿಯಾಯಿತು. ಬಾಳವ್ವನ ತಾಯಿ, ತಂದೆ ಇಬ್ಬರೂ ಹೋದರು. ಅವಳು ಕೂಸನ್ನು ಸೀರೆಯ ಸೆರಗಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ಹೊಳೆ ದಾಟಿ ಗಂಡನ ಮನೆಗೆ ಬಂದಳು. ದ್ಯಾಮನಗೌಡ ಅತ್ತಿಗೆಯನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದ. ಮಾತು ಮೆತ್ತಗೇ ಇತ್ತು. ಅಣ್ಣನ ಕೂಸು ಬೇನೆಯಲ್ಲಿ ಹೋಯಿತೆಂದು ತನಗೆ ಸುದ್ದಿ ಬಂದಿದೆ, ಸತ್ತವರ ಊರಲ್ಲಿ ತಾಯಿ ಇಲ್ಲದ ಕೂಸುಗಳು ಬೇಕಾದಷ್ಟು, ಅತ್ತಿಗೆ ದುಃಖದಲ್ಲಿ ಒಂದನ್ನು ಎತ್ತಿಕೊಂಡು ಬಂದಿದ್ದಾಳೆ, ಸಾಕಲಿ ಪಾಪ, ಆದರೆ ಅದನ್ನು ಮನೆಯ ಬಳ್ಳಿಗೆ ಹೇಗೆ ಕಟ್ಟುವುದು ಎಂದ. ಇಷ್ಟು ಹೇಳಲು ಅವನು ಒಂದು ಸಲವೂ ದನಿ ಎತ್ತಲಿಲ್ಲವಂತೆ. ದನಿ ಎತ್ತಿದ್ದರೆ ಊರವರಿಗೆ ಸಂಶಯವಾದರೂ ಬರುತ್ತಿತ್ತು.

ಚಾವಡಿ ಕೂಡಿತು. ಹಿರಿಯರಲ್ಲಿ ಹಿರಿಯನು ಮೈಲಾರಪ್ಪ. ಅವನು ಬಾಳವ್ವನನ್ನು ಕೇಳಿದ, ಈ ಕೂಸು ಸೋಮನಗೌಡನದೇ ಎನ್ನಲು ಯಾರಿದ್ದಾರೆ ತಾಯಿ ಎಂದು. ಹೊಕ್ಕುಳ ಕೊಯ್ದ ಸೂಲಗಿತ್ತಿ ಬದುಕಿದ್ದಳು, ಹೊಳೆಯ ಈಚೆ ದಡದ ಒಂದು ಹಟ್ಟಿಯಲ್ಲೇ ಇದ್ದಳು. ಅವಳನ್ನು ಕರೆಸಬಹುದಿತ್ತು. ಬಾಳವ್ವನ ಬಾಯಿಗೆ ಆ ಮುದುಕಿಯ ಹೆಸರು ಬರಲಿಲ್ಲ. ವಂಶದ ಮಾತಿಗೆ ಸೂಲಗಿತ್ತಿಯನ್ನು ಯಾರು ಕರೆಯುತ್ತಾರೆ? ಹೆಳವ ಹೇಳಿದ್ದೇ ವಂಶ ಎಂದು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವಳು ಅವಳು. ಸೆರಗು ಸರಿ ಮಾಡಿಕೊಂಡು, ಗಂಡಸರ ನಡುವೆ ನಿಂತು ಹೇಳಿದಳು:

"ಹೆಳವಣ್ಣ ಬರ್ಲಿ. ಅವನ ಬಾಯಾಗ ಏನು ಬರ್ತೈತಿ, ಅದಕ್ಕ ನಾ ಒಪ್ಪತೀನಿ."

ಮೈಲಾರಪ್ಪ ಆ ಮಾತನ್ನು ಬಿಗಿಯಾಗಿ ಕಟ್ಟಿ ಇಟ್ಟುಕೊಂಡ. ಬಂದದ್ದು ಏನೇ ಇರಲಿ ಒಪ್ಪುತ್ತೀಯಾ ಎಂದು ಎರಡನೇ ಸಲ ಕೇಳಿ, ಬನ್ನಿ ಎಲೆ ಮುಟ್ಟಿಸಿ ಆಣೆ ಹಾಕಿಸಿದ. ಅವಳು ನಕ್ಕುಬಿಟ್ಟಳಂತೆ. ಸೂರ್ಯ ಮೂಡುತ್ತಾನೆಯೇ ಎಂಬುದಕ್ಕೂ ಆಣೆ ಹಾಕಿಸುತ್ತೀರಾ ಎಂಬಂಥ ನಗು.

ಹೆಳವ ಬರುವವರೆಗೆ ಅವಳು ದೊಡ್ಡ ಮನೆಯ ಹಿತ್ತಲಿನ ಕೊಟ್ಟಿಗೆಯಲ್ಲಿ ಇದ್ದಳು. ಸುಗ್ಗಿ ಮುಗಿಯಿತು. ಈ ಸಲ ಹೆಳವ ಬಂದದ್ದು ಊರಿಗೆ ತಿಳಿಯುವ ಮೊದಲೇ ದ್ಯಾಮನಗೌಡನ ಆಳುಗಳಿಗೆ ಅವನ ಬಿಡಾರ ಗೊತ್ತಾಗಿತ್ತು. ಬಿಡಾರದಲ್ಲಿ ಹೆಳವನ ಹೆಂಡತಿ ಇದ್ದಳು, ಮಕ್ಕಳಿದ್ದರು. ಹುಟ್ಟಿದಾಗಿನಿಂದ ಗೂಟ ಕೀಳುವುದು, ಗೂಟ ಹುಗಿಯುವುದು, ಮಳೆ ಬಂದರೆ ಕಂಬಳಿಯ ಕೆಳಗೆ ಮುದುರುವುದು. ಊರಿನ ಎಲ್ಲರ ಮನೆಯ ಮೂಲವನ್ನೂ ಹೇಳುವ ಗಂಡನಿಗೆ ತನ್ನದೆಂಬ ಒಂದು ಗೋಡೆ ಇಲ್ಲವೆಂದು ಆ ಹೆಂಗಸು ದಿನವೂ ಆಡಿಕೊಳ್ಳುತ್ತಿದ್ದಳು ಎನ್ನುತ್ತಾರೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ದ್ಯಾಮನಗೌಡ ಊರ ತಲೆಬಾಗಿಲ ಹತ್ತಿರ ಮನೆಗೆ ಜಾಗ ಕೊಡುತ್ತೇನೆ, ಗೋಡೆ ಕಟ್ಟಿಸಿ ಮಾಳಿಗೆ ಹಾಕಿಸಿಯೂ ಕೊಡುತ್ತೇನೆ ಎಂದ. ಅದಕ್ಕೆ ಬದಲಾಗಿ ಹೆಳವ ಏನನ್ನೂ ಹೊಸದಾಗಿ ಹೇಳಬೇಕಾಗಿರಲಿಲ್ಲ. ಒಂದು ಹೆಸರನ್ನು ಹೇಳದೆ ಬಿಟ್ಟರೆ ಸಾಕಿತ್ತು.

ಬೆಳಗಾಯಿತು. ಗಂಟೆ ಕೇಳಿದ ಕೂಡಲೇ ಬಾಳವ್ವ ಎಂದಿನಂತೆ ಬೆಲ್ಲ ಸವರಿದ ರೊಟ್ಟಿ ಹಿಡಿದು ಬಂದು ಬೂದನಿಗೆ ತಿನ್ನಿಸಿ, ಕೂಸನ್ನು ಸೊಂಟಕ್ಕೇರಿಸಿಕೊಂಡು ನಿಂತಳು. ಕಟ್ಟೆಯ ಮೇಲೆ ಹಿರಿಯರೆಲ್ಲ ಕೂತಿದ್ದರು. ಹೆಳವ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಮೂಲಪುರುಷನಿಂದ ಹಿಡಿದ. ಎಲ್ಲಿಂದ ಬಂದರು, ಯಾವ ಹೊಳೆ ದಾಟಿದರು, ಯಾವ ಹೊಲ ಕಡಿದರು, ಯಾರ ಹೊಟ್ಟೆಯಲ್ಲಿ ಯಾರು, ಒಂದೂ ತಪ್ಪದೆ ಹರಿದು ಬಂತು. ಬಾಳವ್ವನಿಗೆ ಆ ಹೆಸರುಗಳೆಲ್ಲ ಬಾಯಿಪಾಠ. ಒಂದೊಂದು ಹೆಸರಿಗೂ ಕೂಸಿನ ಬೆನ್ನ ಮೇಲೆ ಬೆರಳಾಡಿಸುತ್ತಿದ್ದಳು. ಕೊನೆಗೆ ಅವನು ಹೇಳಿದ, ಇವರ ಹೊಟ್ಟೆಯಲ್ಲಿ ಇಬ್ಬರು, ಹಿರಿಯ ಸೋಮನಗೌಡ, ಕಿರಿಯ ದ್ಯಾಮನಗೌಡ, ಸೋಮನಗೌಡನ ಬಳ್ಳಿ ಅಲ್ಲಿಗೇ ನಿಂತಿತು.

ಬಾಳವ್ವನ ಬೆರಳು ಕೂಸಿನ ಬೆನ್ನ ಮೇಲೆ ಹಾಗೇ ಉಳಿಯಿತು. ಅವನು ಮರೆತನೆಂದೇ ಅವಳಿಗೆ ಮೊದಲು ಅನಿಸಿತು. ಊರೂರು ತಿರುಗಿ ಬಂದಿದ್ದಾನೆ, ವಯಸ್ಸಾಯಿತು, ಬಾಯಿ ತಪ್ಪಿದೆ ಎಂದುಕೊಂಡಳು. ಮೋಸ ಹೋದವರ ಬುದ್ಧಿ ಕೊನೆಯವರೆಗೂ ಮೋಸ ಮಾಡಿದವನ ಕಡೆಗೇ ವಾದ ಮಾಡುತ್ತಿರುತ್ತದೆ. ಅವಳು ಮುಂದೆ ಹೋಗಿ, ಕುಣಿಬೇವಿನಲ್ಲಿ ಎತ್ತಿ ಹಿಡಿದ ಹಾಗೆಯೇ ಕೂಸನ್ನು ಎತ್ತಿ ಹಿಡಿದಳು.

"ಅಣ್ಣಾ, ಇನ್ನೊಮ್ಮೆ ಹೇಳು," ಎಂದಳು. "ನನ್ನ ಮಾರಿ ನೋಡಿ ಹೇಳು."

ಅವನು ಇನ್ನೊಮ್ಮೆ ಹೇಳಿದ. ಆದರೆ ಹೇಳುವಾಗ ಬೂದನ ಕೊಂಬುಗಳನ್ನೇ ನೋಡುತ್ತಿದ್ದ. ಕೂಸು ಕಾಲು ಜಾಡಿಸಿ ಅವನ ಮೊಣಕಾಲಿಗೆ ಒದೆಯಿತು, ಪರಿಚಯದವರೊಂದಿಗೆ ಆಡುವ ಹಾಗೆ. ಹಿರಿಯರು ಕಟ್ಟೆಯಿಂದ ಎದ್ದರು. ಆಣೆ ಅವಳದೇ, ಬಾಯಿ ಅವಳು ಕೇಳಿದ್ದೇ, ಇನ್ನು ಯಾರನ್ನೂ ದೂರಲು ಬರುವಂತಿರಲಿಲ್ಲ. ಇಷ್ಟು ಸುಲಭವಾಗಿ ಬಗೆಹರಿದ ನ್ಯಾಯ ಗೊಗ್ಗಿಹಾಳದ ಚಾವಡಿಗೆ ಅದೇ ಮೊದಲು.

ಆ ಸಂಜೆಯೇ ಬಾಳವ್ವ ಊರ ಹೊರಗಿನ ದಿನ್ನೆಗೆ ಹೋದಳು. ಗರಸು ನೆಲ ಯಾರ ಸಾಗುವಳಿಗೂ ಬೇಡವಾದದ್ದು. ಜೋಳದ ದಂಟು ಕಟ್ಟಿ, ಮೇಲೆ ಹುಲ್ಲು ಹಾಸಿ ಗುಡಿಸಲು ಮಾಡಿಕೊಂಡಳು. ಹತ್ತಿ ಬಿಡಿಸಲು, ಕಡಲೆ ಕೀಳಲು ಕರೆದವರ ಹೊಲಕ್ಕೆ ಹೋಗಿ ಬದುಕಿದಳು. ಕೂಸನ್ನು ಬದುವಿನ ಮೇಲೆ ಮಲಗಿಸಿ ಕೆಲಸ ಮಾಡುತ್ತಿದ್ದ ಹೊಲಗಳಲ್ಲಿ ಕೆಲವು ಅವಳ ಗಂಡನವೇ ಆಗಿದ್ದವು. ಊರ ಹೆಂಗಸರು ನೀರಿನ ಹಾದಿಯಲ್ಲಿ ಸಿಕ್ಕಾಗ, ನಮಗೆ ಗೊತ್ತವ್ವ, ಕೂಸಿನ ಮೂಗೇ ಹೇಳುತ್ತದೆ ಎಂದು ಪಿಸುಗುಡುತ್ತಿದ್ದರು. ಗೊತ್ತಿದ್ದವರು ಯಾರೂ ಮನೆಗೆ ಹೋಗಿ ಗಂಡಂದಿರಿಗೆ ಹೇಳಿದ್ದು ಕೇಳಿಬರಲಿಲ್ಲ. ತಲೆಬಾಗಿಲ ಹತ್ತಿರ ಹೆಳವನ ಗೋಡೆ ಏಳುತ್ತಿದ್ದದ್ದು ದಿನ್ನೆಯಿಂದ ಚೆನ್ನಾಗಿ ಕಾಣುತ್ತಿತ್ತು. ಕೂಸು ಅತ್ತ ಬೆರಳು ತೋರಿಸಿದರೆ, ಅದು ನಿನ್ನ ಮಾವನ ಮನೆ ಎನ್ನುತ್ತಿದ್ದಳಂತೆ. ಮಗನಿಗೆ ಅವಳು ಹೇಳಿದ ಸುಳ್ಳು ಅದೊಂದೇ ಎನ್ನುವವರಿದ್ದಾರೆ, ಅದು ಸುಳ್ಳಲ್ಲ ಎನ್ನುವವರೂ ಇದ್ದಾರೆ.

ಮರುವರ್ಷದ ಸುಗ್ಗಿಗೆ ಮನೆ ಮುಗಿಯಿತು. ಹೆಳವನ ಸಂಸಾರ ಬಿಡಾರ ಕಿತ್ತು ಬಂದು ಮಾಳಿಗೆಯ ಕೆಳಗೆ ಮಲಗಿತು. ಹೆಳವ ಆ ವರ್ಷದ ಊರು ತಿರುಗುವುದೊಂದನ್ನು ಮುಗಿಸಿ, ಬಳ್ಳಿಗಳನ್ನೆಲ್ಲ ತಮ್ಮನ ಮಗನಿಗೆ ಒಪ್ಪಿಸಿ, ಕಾಲು ಚಾಚಿ ಕೂರುವವನಿದ್ದ. ಉಳಿದ ಹಳ್ಳಿಗಳನ್ನು ಮುಗಿಸಿ ಕೊನೆಗೆ ಗೊಗ್ಗಿಹಾಳದ ದಾರಿ ಹಿಡಿದ. ಬೆಳಗಿನ ಜಾವ ಗಂಟೆ ಕೇಳಿದಾಗ ಬಾಳವ್ವ ಗುಡಿಸಲ ತಟ್ಟಿಯನ್ನು ಎಳೆದು ಮುಚ್ಚಿ, ಒಳಗೆ ಕೂಸಿನ ಕಿವಿಯ ಮೇಲೆ ಕೈಯಿಟ್ಟು ಕೂತಳು. ಅವನ ಮುಖ ನೋಡುವ ಮನಸ್ಸು ಅವಳಿಗಿರಲಿಲ್ಲ. ಗಂಟೆ ದಾರಿಯಲ್ಲಿ ಹೋಗುತ್ತದೆಂದು ಕಾದಳು. ಅದು ದಾರಿ ಬಿಟ್ಟು ಹತ್ತಿರವಾಯಿತು. ಗರಸಿನ ಮೇಲೆ ಗೊರಸಿನ ಸಪ್ಪಳ ಬಂತು. ಆಮೇಲೆ ತಟ್ಟಿಯ ಸಂದಿಯಿಂದ ಬೂದನ ಒದ್ದೆ ಮೂತಿ ಒಳಗೆ ಬಂತು.

ಹೊರಗೆ ಹೆಳವ ಹಗ್ಗ ಜಗ್ಗುತ್ತಿದ್ದ, ಕೋಲಿನಿಂದ ತಿವಿಯುತ್ತಿದ್ದ, ಬೈಯುತ್ತಿದ್ದ. ಎತ್ತು ಅಲ್ಲಾಡಲಿಲ್ಲ. ಗುಡಿಸಲಲ್ಲಿ ಬೆಲ್ಲ ಇರಲಿಲ್ಲ. ಕೂಸಿಗೆಂದು ಇಟ್ಟಿದ್ದ ಅರ್ಧ ರೊಟ್ಟಿ ಇತ್ತು. ಅದನ್ನೇ ಮುರಿದು ತಿನ್ನಿಸುತ್ತ, ಹೊರಗಿನವನಿಗೂ ಕೇಳುವಂತೆ ಎತ್ತಿನೊಂದಿಗೆ ಮಾತಾಡಿದಳು.

"ನೀ ಬಂದಿ. ನಿನ್ನ ಮ್ಯಾಲೆ ಕುಂತಾಂವ ಬಂದಿಲ್ಲ."

ಗಂಟೆ ನಿಂತದ್ದು ಊರಿಗೆ ತಿಳಿಯಿತು. ಬೆಳಗಿನ ಕೆಲಸಕ್ಕೆ ಹೊರಟವರೆಲ್ಲ ದಿನ್ನೆಗೆ ಬಂದರು, ಹಿರಿಯರು ಬಂದರು, ಕೊನೆಗೆ ದ್ಯಾಮನಗೌಡನೂ ಬಂದ. ಎತ್ತು ಬಾಗಿಲಲ್ಲಿ ನಿಂತಿದೆ. ನಿಲ್ಲಿಸಿದವರಿಲ್ಲ, ಕಟ್ಟಿದವರಿಲ್ಲ. ಕಟ್ಟಳೆ ಎಲ್ಲರಿಗೂ ಗೊತ್ತಿತ್ತು. ಆಗ ಬಾಳವ್ವ ತಟ್ಟಿ ಸರಿಸಿ ಹೊರಗೆ ಬಂದಳು. ಕೂಸು ಈಗ ನಡೆಯುವಷ್ಟು ದೊಡ್ಡದಾಗಿತ್ತು, ಭಾರವಾಗಿತ್ತು. ಆದರೂ ಅದನ್ನು ಎರಡೂ ಕೈಯಲ್ಲಿ ಮೇಲೆತ್ತಿ, ಅಂಗಾಲು ಹೆಳವನ ಮುಖದ ಎದುರಿಗೆ ಬರುವಂತೆ ಹಿಡಿದಳು. ಹಿಡಿದವಳು ಕೆಳಗಿಳಿಸಲಿಲ್ಲ. ನೋಡಲಾರದೆ ಮೈಲಾರಪ್ಪನೇ ಬಾಯಿಬಿಟ್ಟ.

"ಎತ್ತು ನಿಂತೈತಿ, ಹೆಳವಾ. ಬಾಯಿ ತೆರಿ, ಇಲ್ಲಂದ್ರ ಕೆಳಗಿಳಿ."

ಹೆಳವ ಕೂಸಿನ ಅಂಗಾಲು ನೋಡಿದ. ಅಲ್ಲಿಂದ ಕಣ್ಣೆತ್ತಿ ತಲೆಬಾಗಿಲ ಕಡೆ ನೋಡಿದ. ಹೊಸ ಮಾಳಿಗೆಯ ಮೇಲೆ ಅವನ ಹೆಂಡತಿ ಕಾಳು ಹರಡುತ್ತಿದ್ದಳು, ಇದೊಂದೂ ತಿಳಿಯದೆ. ಒಂದು ಹೆಸರು ಹೇಳಿದರೆ ಮನೆ ಹೋಗುತ್ತದೆ, ಹೆಳವನಾಗಿ ಉಳಿಯುತ್ತಾನೆ. ಇಳಿದರೆ ಮನೆ ಉಳಿಯುತ್ತದೆ, ಹೆಳವತನ ಹೋಗುತ್ತದೆ, ಎತ್ತು ನಿಂತ ಬಾಗಿಲಲ್ಲಿ ಅದೇ ಸುಳ್ಳನ್ನು ಮತ್ತೆ ಆಡಲು ಅವನಿಗೆ ಬಾಯಿ ಬರಲಿಲ್ಲ. ಕಡೆಗೆ ಗಂಟೆಯನ್ನು ಹಸಿಬೆಯೊಳಗೆ ಹಾಕಿ, ಒಂದು ಕಾಲನ್ನು ಎತ್ತಿನ ಬೆನ್ನ ಮೇಲಿಂದ ಈಚೆ ತಂದು, ಜಾರಿ ಕೆಳಗಿಳಿದ. ಯಾರ ಮುಖವನ್ನೂ ನೋಡದೆ ಊರ ಕಡೆ ನಡೆದು ಹೋದ. ಅವನು ಗೊಗ್ಗಿಹಾಳದ ನೆಲದ ಮೇಲೆ ವಂಶ ಹೇಳದೆ ಕಾಲಿಟ್ಟದ್ದನ್ನು ಊರೆಲ್ಲ ನೋಡಿತು. ನಿಜ ಏನೆಂದು ತಿಳಿಯಲು ಇನ್ನೇನೂ ಬೇಕಿರಲಿಲ್ಲ. ಹೋದ ವರ್ಷ ಹೇಳಿದ್ದು ನಿಜವಾಗಿದ್ದರೆ ಅದನ್ನೇ ಇನ್ನೊಮ್ಮೆ ಹೇಳಿ ಮುಂದೆ ಹೋಗುತ್ತಿದ್ದ, ಇಳಿಯುತ್ತಿರಲಿಲ್ಲ.

ಬಾಳವ್ವ ಕೂಸನ್ನು ಕೆಳಗಿಳಿಸಿ ಹಿರಿಯರ ಕಡೆ ತಿರುಗಿದಳು. ಹಿರಿಯರು ದ್ಯಾಮನಗೌಡನ ಕಡೆ ನೋಡಿದರು. ದ್ಯಾಮನಗೌಡ ಆಗಲೂ ದನಿ ಎತ್ತಲಿಲ್ಲ. ಹೆಳವ ಇಳಿದ, ಸರಿ, ಆದರೆ ಬಾಯಿ ತೆರೆಯಲಿಲ್ಲವಲ್ಲ, ಈ ವರ್ಷ ಬೇರೆ ಮಾತು ಬರದಿದ್ದ ಮೇಲೆ ಹೋದ ವರ್ಷದ ಮಾತೇ ಮಾತು ಎಂದ. ಮೈಲಾರಪ್ಪ ಗಡ್ಡ ತುರಿಸಿಕೊಂಡು, ಹೌದು ತಂಗೀ, ಆಣೆ ನಿನ್ನದೇ, ನೀನೇ ಒಪ್ಪಿದ್ದೆ ಎಂದ. ಉಳಿದವರು ತಲೆಯಾಡಿಸಿದರು. ಹೆಳವ ಸುಳ್ಳು ಹೇಳಿದಾಗ ಹರಿಯದೆ ಉಳಿದಿದ್ದ ಏನೋ ಒಂದು ಎಳೆ ಬಾಳವ್ವನೊಳಗೆ ಆಗ ಹರಿಯಿತು. ಅವನೊಬ್ಬನಿಂದ ಮೋಸ ಹೋದೆ ಎಂದುಕೊಂಡಿದ್ದಳು ಇಷ್ಟು ದಿನ.

"ಹೌದ್ರೀ, ಒಪ್ಪಿದ್ದೆ," ಎಂದಳು. "ಅಂವಗ ನನ್ನ ಮುಂದ ಮ್ಯಾಲೆ ಕುಂದ್ರಾಕ ಆಗ್ಲಿಲ್ಲ, ಇಳದ. ನೀವು ಎಲ್ಲಾ ಕಂಡೂ ಕುಂತೀರಿ."

ಇಂಥ ಕಡೆ ಹೆಣ್ಣುಮಗಳು ಶಾಪ ಹಾಕುವುದು ವಾಡಿಕೆ. ಊರವರು ಅದಕ್ಕೇ ಕಾದು ನಿಂತಿದ್ದರು. ಶಾಪ ಹಾಕಿದ್ದರೆ ಒಂದು ಪೂಜೆ, ಒಂದು ಪರಿಹಾರ ಮಾಡಿ ಕೈ ತೊಳೆದುಕೊಳ್ಳಬಹುದಿತ್ತು. ಬಾಳವ್ವ ಅಷ್ಟು ಉಪಕಾರವನ್ನೂ ಮಾಡಲಿಲ್ಲ. ಗುಡಿಸಲಿನಿಂದ ಕಂಬಳಿಯನ್ನೂ ನೀರಿನ ಮಗಿಯನ್ನೂ ತಂದು ಹಸಿಬೆಗೆ ಹಾಕಿದಳು. ಬಳ್ಳಿಯಿಂದ ಹೊರಗಿಟ್ಟ ಮಗನನ್ನು ಎತ್ತಿ, ಬಳ್ಳಿ ಹೇಳುವವನು ಕೂರುತ್ತಿದ್ದ ಜಾಗದಲ್ಲಿ ಕೂರಿಸಿದಳು. ಹಗ್ಗ ಹಿಡಿದು ಊರಿಗೆ ಬೆನ್ನು ಮಾಡಿ ಹೊರಟಳು. ಅಷ್ಟು ತಿವಿದರೂ ಅಲುಗದಿದ್ದ ಎತ್ತು ಅವಳ ಹಿಂದೆ ಹಗ್ಗ ಬಿಗಿಯದಂತೆ ನಡೆಯಿತು. ಹಳ್ಳದ ಇಳಿಜಾರಿನಲ್ಲಿ ಕೂಸಿನ ತಲೆ ಕಾಣುವವರೆಗೆ ಜನ ನೋಡಿದರು. ಆಮೇಲೆ ಅವರು ಯಾವ ಊರು ಸೇರಿದರು, ಕೆಂಚ ಬೆಳೆದು ಏನಾದ, ಯಾರಿಗೂ ತಿಳಿಯದು.

ಸುದ್ದಿ ಹೆಳವರ ಬಿಡಾರಗಳಿಗೆ ಮುಟ್ಟಿತು. ಅವರ ಪಂಚಾಯಿತಿ ಗೊಗ್ಗಿಹಾಳದ ಚಾವಡಿಯಂತಿರಲಿಲ್ಲ. ಇಳಿದವನ ಹೆಸರನ್ನು ತಮ್ಮ ಬಳ್ಳಿಯಿಂದಲೇ ತೆಗೆದರು. ಹೆಳವರ ವಂಶವನ್ನು ಹೇಳುವವರೂ ಹೆಳವರೇ. ಅವರು ಬಿಟ್ಟ ಮೇಲೆ ಇನ್ನು ಹೇಳುವವರಾರು? ಅದಕ್ಕೇ ಈ ಕತೆಯಲ್ಲಿ ಅವನಿಗೆ ಹೆಸರಿಲ್ಲ, ಎಷ್ಟು ಕೇಳಿದರೂ ಸಿಗುವುದಿಲ್ಲ. ಗೊಗ್ಗಿಹಾಳಕ್ಕೆ ಹೆಳವರು ಬರುವುದೂ ನಿಂತಿತು. ಮೊದಲು ಊರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮಕ್ಕಳು ದೊಡ್ಡವರಾಗಿ ಹೆಣ್ಣು ಕೇಳಲು ಹೋದಾಗ, ನಿಮ್ಮ ಮೂಲ ಯಾರು ಹೇಳುತ್ತಾರೆ ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳಿದರು. ಬಾಳವ್ವನನ್ನು ನಿಲ್ಲಿಸಿದ ಹಾಗೆಯೇ. ದ್ಯಾಮನಗೌಡನ ಮೊಮ್ಮಕ್ಕಳ ಕಾಲಕ್ಕೆ ಊರ ಹಿರಿಯರು ಬಿಡಾರ ಹುಡುಕಿಕೊಂಡು ಹೋಗಿ ಕೈಮುಗಿದರಂತೆ. ಹೆಳವರು ಬರಲು ಒಪ್ಪಿದರು. ದಿನ್ನೆಯ ಮೇಲೆ ಬೂದನನ್ನು ಕಲ್ಲಿನಲ್ಲಿ ನಿಲ್ಲಿಸಬೇಕು, ಹೊರಟ ದಿಕ್ಕಿಗೇ ನಿಲ್ಲಿಸಬೇಕು, ಮೊದಲ ಜೋಳ ಅದರ ಬೆನ್ನಿಗೆ ಬೀಳಬೇಕು, ಬೂದನ ಎದುರು ಮಾತ್ರ ಹೆಳವ ಹಳೆಯ ಕಟ್ಟಳೆ ಬಿಟ್ಟು ಇಳಿದು ನಿಂತೇ ಹೇಳುವುದು, ದಿನ್ನೆಯಲ್ಲಿ ಹೇಳಿದ ಮೇಲೆಯೇ ಊರಲ್ಲಿ ಹೇಳುವುದು ಎಂದು ಮಾತಾಯಿತು.

ಈಗಲೂ ಹಾಗೇ ನಡೆದಿದೆ. ದಿನ್ನೆಗೆ ಸುಳ್ಳು ಹೇಳಿ ಇಳಿದವನ ಗುರುತೇ ಹೆಸರಾಗಿ ಉಳಿಯಿತು, ಬಾಳವ್ವನ ಹೆಸರು ಬರಲಿಲ್ಲ. ಹೆಸರಿಡುವವರು ಚಾವಡಿಯವರೇ ಆದದ್ದರಿಂದ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಊರ ಬಾಣಂತಿಯರು ಹೆಸರಿಟ್ಟ ಕೂಸನ್ನು ಮೊದಲು ಇಲ್ಲಿಗೆ ತಂದು, ಎರಡೂ ಕೈಯಲ್ಲಿ ಎತ್ತಿ ಹಿಡಿದು, ಅದರ ಹೆಸರನ್ನು ತಾವೇ ಗಟ್ಟಿಯಾಗಿ ಹೇಳುತ್ತಾರೆ. ಯಾರೋ ಬಂದು ಹೇಳಲಿ ಎಂದು ಕಾಯುವುದಿಲ್ಲ. ಸೂಲಗಿತ್ತಿ ಜೊತೆಗೆ ನಿಂತಿರಲೇಬೇಕು.

ಸುಗ್ಗಿ ಮುಗಿದ ಮೇಲೆ ಬಂದರೆ ಉಳಿದದ್ದನ್ನೂ ನೋಡಬಹುದು. ಹೆಳವ ಎತ್ತಿನ ಮೇಲಿಂದ ಇಳಿದು, ಕಲ್ಲಿನ ಬೆನ್ನ ತಗ್ಗಿಗೆ ಜೋಳ ಬಿದ್ದ ಮೇಲೆ ಗಂಟೆ ಬಾರಿಸುತ್ತಾನೆ. ವಂಶ ಹುಡುಕಿಕೊಂಡು ಬಂದ ಹೊರಗಿನವರು ಒಂದು ಕಡೆ, ಗೊಗ್ಗಿಹಾಳದವರು ಒಂದು ಕಡೆ ನಿಂತಿರುತ್ತಾರೆ. ಅವನು ದೊಡ್ಡ ಮನೆಯ ಮೂಲಪುರುಷನಿಂದ ಹಿಡಿದು ಸೋಮನಗೌಡನವರೆಗೆ ತರುತ್ತಾನೆ. ಸೋಮನಗೌಡನ ಹೆಂಡತಿ ಬಾಳವ್ವ, ಬಾಳವ್ವನ ಹೊಟ್ಟೆಯಲ್ಲಿ ಕೆಂಚನಗೌಡ, ಕೆಂಚನಗೌಡನ ಹೊಟ್ಟೆಯಲ್ಲಿ, ಎಂದು ಹೇಳಿ ಗಂಟೆ ತಡೆಯುತ್ತಾನೆ. ಯಾರಾದರೂ ಮುಂದಿನ ಹೆಸರು ಹೇಳುತ್ತಾರೇನೋ ಎಂದು ನೆರೆದವರ ಮುಖಗಳನ್ನು ಒಂದೊಂದಾಗಿ ನೋಡುತ್ತಾನೆ. ಹೊರಗಿನವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಗೊಗ್ಗಿಹಾಳದವರು ನೆಲ ನೋಡುತ್ತಾರೆ. ಯಾರೂ ಹೇಳುವುದಿಲ್ಲ. ಹೆಳವ ಹಗ್ಗ ಹಿಡಿದು ನಡೆದುಕೊಂಡೇ ಊರೊಳಗೆ ಹೋಗುತ್ತಾನೆ.